ರಹೀಂ ಮಾಸ್ತರ್ ಬಿಟ್ಟು ಹೋದದ್ದೇನು, ಆಮೇಲಿನ ಕೋಚ್‌ಗಳು ಬಿಟ್ಟು ಹೋದದ್ದೇನು?

2021ರ ಆಗಸ್ಟ್ 22ರಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 82 ವರ್ಷದ ಸೈಯದ್ ಶಾಹಿದ್ ಹಕೀಂ ತೀರಿಕೊಂಡರು. 1960ರ ರೋಮ್ ಒಲಿಂಪಿಕ್ಸ್‌ಗೆ ಹೋಗಿದ್ದ ಭಾರತ ಫುಟ್‌ಬಾಲ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದವರು, ಫಿಫಾ ರೆಫರಿ ಆಗಿದ್ದವರು, ಧ್ಯಾನ್‌ಚಂದ್ ಪ್ರಶಸ್ತಿ ಪಡೆದವರು. ಇಷ್ಟೆಲ್ಲ ಇದ್ದರೂ ಅವರನ್ನು ಜನ ಗುರುತಿಸುತ್ತಿದ್ದದ್ದು ಬೇರೆ ಕಾರಣಕ್ಕೆ. ಅವರು ರಹೀಂ ಸಾಹೇಬರ ಮಗ. ಭಾರತ ಫುಟ್‌ಬಾಲ್‌ಗೆ ಎರಡು ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಒಬ್ಬನೇ ಒಬ್ಬ ಕೋಚ್ ಸೈಯದ್ ಅಬ್ದುಲ್ ರಹೀಂ ಅವರ ಮಗ.

2024ರಲ್ಲಿ ಅಜಯ್ ದೇವಗನ್ ಅವರ ‘ಮೈದಾನ್’ ಸಿನಿಮಾ ಬಂದ ಮೇಲೆ ರಹೀಂ ಹೆಸರು ಮೊಬೈಲಿನಲ್ಲೂ ಓಡಾಡಿತು. ಅದರ ಹಿಂದೆಯೇ ಹಳೆಯ ಜಗಳವೂ ಬಂತು: ನಮ್ಮ ರಾಷ್ಟ್ರೀಯ ತಂಡದ ಕೋಚ್‌ಗಳಲ್ಲಿ ದೊಡ್ಡವರು ಯಾರು? ಒಬ್ಬರು ಫಿಫಾ ಶ್ರೇಯಾಂಕ ತೋರಿಸಿ ಕಾನ್‌ಸ್ಟಂಟೈನ್ ಅನ್ನುತ್ತಾರೆ. ಇನ್ನೊಬ್ಬರು ಕಪ್‌ಗಳನ್ನು ಎಣಿಸಿ ಸ್ಟಿಮಾಚ್ ಅನ್ನುತ್ತಾರೆ. ಫಿಫಾ ಶ್ರೇಯಾಂಕ ಶುರುವಾದದ್ದೇ 1992ರಲ್ಲಿ. ರಹೀಂ ಕಾಲದಲ್ಲಿ ಅದು ಇರಲೇ ಇಲ್ಲ. ಹಾಗಾಗಿ ಆ ತಕ್ಕಡಿಯಲ್ಲಿ ಅವರನ್ನು ತೂಗಲು ಆಗುವುದಿಲ್ಲ.

ನಾವು ಇಲ್ಲಿ ಬೇರೆ ಅಳತೆ ಹಿಡಿಯುತ್ತೇವೆ. ಕೋರು ಪಾಲಿಗೆ ಹೊಲ ಮಾಡಿದವನು ಬಿಟ್ಟು ಹೋಗುವಾಗ ಎಷ್ಟು ಚೀಲ ಬೆಳೆದ ಅನ್ನುವುದನ್ನು ಒಡೆಯ ಕೇಳಿಯೇ ಕೇಳುತ್ತಾನೆ. ಆದರೆ ಮುಂದೆ ಆ ಹೊಲ ಮಾಡುವವನು ನೋಡುವುದು ಮಣ್ಣು ಹೇಗಿದೆ, ಬಿತ್ತಲು ಬೀಜ ಇದೆಯೇ ಎಂದು. ಕೋಚ್ ಹೋದ ಮರುದಿನ ತಂಡದ ಕೈಯಲ್ಲಿ ಏನು ಉಳಿದಿತ್ತು? ಅದನ್ನೇ ನೋಡೋಣ.

ಮೊದಲು ರಹೀಂ. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ನಿಜಾಮರ ಸಂಸ್ಥಾನದೊಳಗೆ ಇದ್ದವು. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ಕೆಲಸ ಶಾಲಾ ಮಾಸ್ತರಿಕೆ. ಕಾಚಿಗುಡ ಮಿಡ್ಲ್ ಸ್ಕೂಲ್ ಸೇರಿ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಆಮೇಲೆ ದೈಹಿಕ ಶಿಕ್ಷಣದ ತರಬೇತಿ ಪಡೆದರು. ಈ ಮಾಸ್ತರಿಕೆಯನ್ನು ಸಣ್ಣ ವಿಷಯ ಎಂದು ದಾಟಿ ಹೋಗಬಾರದು. ಅವರ ಫುಟ್‌ಬಾಲ್‌ನ ಗುಟ್ಟೆಲ್ಲ ಅಲ್ಲೇ ಇದೆ.

ಹೈದರಾಬಾದಿನಲ್ಲಿ ಅವರು ವಿಚಿತ್ರ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಬಲಗಾಲಿನವರು ಎಡಗಾಲಿನಲ್ಲಿ ಮಾತ್ರ ಚೆಂಡು ಒದೆಯಬೇಕು, ಎಡಗಾಲಿನವರು ಬಲಗಾಲಿನಲ್ಲಿ. ಇನ್ನೊಂದರಲ್ಲಿ ಡ್ರಿಬ್ಲಿಂಗ್ ಮಾಡುವಂತೆಯೇ ಇಲ್ಲ. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು. ಆ ಕಾಲದಲ್ಲಿ ನಮ್ಮಲ್ಲಿ ಚೆಂಡು ಕಾಲಿಗೆ ಸಿಕ್ಕರೆ ನಾಲ್ಕು ಜನರನ್ನು ಯಾಮಾರಿಸಿ ಚಪ್ಪಾಳೆ ಗಿಟ್ಟಿಸುವುದೇ ಆಟ ಅನ್ನಿಸಿಕೊಂಡಿತ್ತು. ಈಗಲೂ ಊರ ಮೈದಾನಗಳಲ್ಲಿ ಹೆಚ್ಚಿನಂಶ ಹಾಗೇ ಇದೆ. ಹುಡುಗರಿಗೆ ‘ಪಾಸ್ ಕೊಡ್ರೋ’ ಎಂದು ಬೈದರೆ ಕೇಳುವುದಿಲ್ಲ. ನಿಯಮವನ್ನೇ ಹಾಗೆ ಮಾಡಿಬಿಟ್ಟರೆ ಕೊಡದೆ ಗತಿಯಿಲ್ಲ. ಮಾಸ್ತರ ಬುದ್ಧಿ ಅಂದರೆ ಇದು.

ಅವರ ಕೈಯಲ್ಲಿ ಒಂದು ಸ್ವಂತ ತಂಡವೂ ಇತ್ತು, ಹೈದರಾಬಾದ್ ಸಿಟಿ ಪೊಲೀಸ್. ಆ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಕೋಲ್ಕತ್ತದ ದೊಡ್ಡ ಕ್ಲಬ್‌ಗಳು ಅದರ ಹೆಸರು ಕೇಳಿದರೆ ಎಚ್ಚರವಾಗುತ್ತಿದ್ದವು. ರಹೀಂ ಹುಡುಗರನ್ನು ಹುಡುಕುತ್ತಿದ್ದದ್ದು ಗಲ್ಲಿ, ದಂಡು ಪ್ರದೇಶ, ಶಾಲೆಯ ಅಂಗಳಗಳಲ್ಲಿ. ಸಿಕಂದರಾಬಾದಿನ ಅಮ್ಮುಗುಡದ ತುಳಸಿದಾಸ ಬಲರಾಂ ಬಡವರ ಮನೆಯ ಹುಡುಗ. ದಿನಾ ಅಭ್ಯಾಸಕ್ಕೆ ಬರಲು ಅವನ ಬಳಿ ದುಡ್ಡಿರಲಿಲ್ಲ. ಸೈಕಲ್ ಬಾಡಿಗೆಗೆ ದಿನಕ್ಕೆ ಒಂದು ರೂಪಾಯಿ ಕೊಟ್ಟು ಅವನನ್ನು ಮೈದಾನಕ್ಕೆ ಕರೆಸಿಕೊಂಡವರು ರಹೀಂ. ಆ ಹುಡುಗ ಮುಂದೆ ಎರಡು ಒಲಿಂಪಿಕ್ಸ್ ಆಡಿದ, ಏಷ್ಯನ್ ಗೇಮ್ಸ್ ಚಿನ್ನ ಗೆದ್ದ.

ರಾಷ್ಟ್ರೀಯ ತಂಡದ ಹೊಣೆ ರಹೀಂ ಹೆಗಲಿಗೆ ಬಿದ್ದ ಮೇಲೆ ಮೊದಲ ಫಲ 1951ರಲ್ಲಿ ದಿಲ್ಲಿಯಲ್ಲಿ ಸಿಕ್ಕಿತು. ಮೊಟ್ಟಮೊದಲ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಮೇವಾಲಾಲ್ ಗೋಲಿನಿಂದ ಇರಾನ್ ವಿರುದ್ಧ 1–0 ಗೆಲುವು. ಮರುವರ್ಷವೇ ಪೆಟ್ಟು. ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ, ಹಲವರು ಬರಿಗಾಲಿನಲ್ಲೇ ಆಡಿ, ಯುಗೊಸ್ಲಾವಿಯ ಎದುರು 10–1ರಲ್ಲಿ ಸೋಲು. ಇಂಥ ಸೋಲು ಕಂಡ ಕೋಚ್‌ಗೆ ಇವತ್ತಾದರೆ ವಿಮಾನ ನಿಲ್ದಾಣದಲ್ಲೇ ಪತ್ರ ಕೊಟ್ಟು ಕಳಿಸುತ್ತಾರೆ. ಆಗ ಫೆಡರೇಶನ್ ಮಾಡಿದ್ದು ಬೂಟು ಕಡ್ಡಾಯ ಮಾಡುವ ಕೆಲಸ. ರಹೀಂ ಮಾಡಿದ್ದು ಅದೇ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಂಗೆರಿಯ ಆಟದಿಂದ ಕಲಿಯುವ ಕೆಲಸ. ಸೆಂಟರ್ ಫಾರ್ವರ್ಡ್ ಮುಂದೆ ಗೋಲಿನ ಹತ್ತಿರ ನಿಲ್ಲುವ ಬದಲು ಹಿಂದೆ ಸರಿದು ಆಡುವ ಪದ್ಧತಿಯನ್ನು ನಮ್ಮ ಹುಡುಗರಿಗೆ ಕಲಿಸಿದರು.

ನಾಲ್ಕು ವರ್ಷದ ಮೇಲೆ, 1956ರಲ್ಲಿ ಮೆಲ್ಬೋರ್ನ್. ಆತಿಥೇಯ ಆಸ್ಟ್ರೇಲಿಯವನ್ನು 4–2ರಲ್ಲಿ ಸೋಲಿಸಿದಾಗ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಏಷ್ಯದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯ, ಈ ಸಲ 4–1. ಹತ್ತರಿಂದ ನಾಲ್ಕಕ್ಕೆ ಇಳಿಸಿದ್ದನ್ನೂ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ಎದುರು ಸೋತು ಭಾರತ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದಲ್ಲಿ ನಮ್ಮ ಮೈಸೂರಿನವರೂ ಇದ್ದರು, ಹಾಫ್‌ಬ್ಯಾಕ್ ಕೆಂಪಯ್ಯ. 1960ರ ರೋಮ್‌ಗೂ ಅವರು ಹೋದರು. ಅಲ್ಲಿ ಭಾರತ ಹಂಗೆರಿ ಎದುರು 2–1ರಲ್ಲಿ ಮಾತ್ರ ಸೋತಿತು, ಫ್ರಾನ್ಸ್ ಜೊತೆ 1–1ರಲ್ಲಿ ಸಮ ಮಾಡಿಕೊಂಡಿತು.

1962ರ ಜಕಾರ್ತದ ಕತೆ ಸಿನಿಮಾ ನೋಡಿದವರಿಗೆ ಗೊತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ಎದುರು 2–0 ಸೋಲು. ಇಸ್ರೇಲ್ ಮತ್ತು ತೈವಾನ್‌ಗೆ ಇಂಡೊನೇಷ್ಯ ಪ್ರವೇಶ ಕೊಡದ್ದನ್ನು ಭಾರತದ ಜಿ.ಡಿ. ಸೋಂಧಿ ಟೀಕಿಸಿದ್ದರು. ಆ ಸಿಟ್ಟಿಗೆ ಇಡೀ ಊರು ನಮ್ಮವರ ವಿರುದ್ಧ ತಿರುಗಿತ್ತು. ಸೆಪ್ಟೆಂಬರ್ 4ರ ಫೈನಲ್‌ಗೆ ಸುಮಾರು ಒಂದು ಲಕ್ಷ ಜನ ಸೇರಿದ್ದರು, ಹೆಚ್ಚಿನವರ ಕೂಗು ನಮ್ಮ ವಿರುದ್ಧವೇ. ಗೋಲಿ ಪೀಟರ್ ತಂಗರಾಜ್ ಜ್ವರದಿಂದ ಎದ್ದು ಬಂದಿದ್ದರು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಆರು ಹೊಲಿಗೆ ಬಿದ್ದಿತ್ತು. ರಹೀಂ ಅವರನ್ನು ಮನೆಗೆ ಕಳಿಸಲಿಲ್ಲ, ಹಿಂದೆಯೂ ನಿಲ್ಲಿಸಲಿಲ್ಲ. ಫಾರ್ವರ್ಡ್ ಮಾಡಿ ಮುಂದೆ ಬಿಟ್ಟರು. ಪಿ.ಕೆ. ಬ್ಯಾನರ್ಜಿ ಒಂದು, ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್ ಒಂದು. ಅದೇ ಕೊರಿಯದ ಮೇಲೆ 2–1 ಗೆಲುವು.

ಒಂದು ಮಾತು ಇಲ್ಲಿ ಹೇಳಲೇಬೇಕು, ಅಭಿಮಾನಿಗಳಿಗೆ ರುಚಿಸದಿದ್ದರೂ ಸರಿ. ಆ ಜಕಾರ್ತ ಕೂಟದಲ್ಲಿ ಆಡಿದ್ದು ಎಂಟೇ ತಂಡ. ಇಸ್ರೇಲ್ ಇರಲಿಲ್ಲ. ಇವತ್ತು ನಮ್ಮನ್ನು ಸೋಲಿಸುವ ಪಶ್ಚಿಮ ಏಷ್ಯದ ತಂಡಗಳೂ ಇರಲಿಲ್ಲ. ಮೆಲ್ಬೋರ್ನ್‌ನಲ್ಲಿ ಮೊದಲ ಸುತ್ತಿನ ಎದುರಾಳಿ ಹಂಗೆರಿ ಬಾರದೇ ಇದ್ದದ್ದರಿಂದ ನಾವು ಆಡದೆಯೇ ಮುಂದೆ ಹೋದೆವು. ಹಾಗಾಗಿ ‘ಆಗ ನಾವು ಜಗತ್ತಿನ ನಾಲ್ಕನೇ ತಂಡ’ ಎಂದು ಎದೆ ಉಬ್ಬಿಸುವುದು ಉಬ್ಬಿದ ಮಾತೇ. ರಹೀಂ ದೊಡ್ಡವರಾಗಲು ಆ ಉಬ್ಬು ಬೇಕಾಗಿಯೂ ಇಲ್ಲ. 10–1ರ ಸೋಲಿನಿಂದ ಎದ್ದು, ಹತ್ತು ವರ್ಷ ಒಂದೇ ದಾರಿಯಲ್ಲಿ ನಡೆದು, ತಂಡವನ್ನು ಮೇಲಕ್ಕೆ ಒಯ್ದರಲ್ಲ, ಅಷ್ಟು ಸಾಕು.

ಜಕಾರ್ತದಿಂದ ಬಂದ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು ಕ್ಯಾನ್ಸರ್‌ನಿಂದ ರಹೀಂ ತೀರಿಕೊಂಡರು. 53 ವರ್ಷ.

ಅವರು ಬಿಟ್ಟು ಹೋದದ್ದು ಏನು? ಆಟಗಾರರನ್ನು ಬಿಟ್ಟು ಹೋದರು, ಧಾರಾಳವಾಗಿ. ಮರುವರ್ಷ ಇಂಗ್ಲಿಷ್ ಕೋಚ್ ಹ್ಯಾರಿ ರೈಟ್ ಕೆಳಗೆ ಭಾರತ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ನಾಲ್ಕೇ ತಂಡಗಳ ಕೂಟವಾದರೂ ಕೊರಿಯವನ್ನು 2–0ರಲ್ಲಿ ಸೋಲಿಸಿದ್ದು ಸುಮ್ಮನೆ ಅಲ್ಲ. ದಾಖಲೆಯಲ್ಲಿ ಆ ಬೆಳ್ಳಿ ರೈಟ್ ಹೆಸರಿನಲ್ಲಿದೆ, ಬಿತ್ತಿದ್ದು ರಹೀಂ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಜಪಾನನ್ನು ಸೋಲಿಸಿ ಕಂಚು ಗೆದ್ದ ತಂಡದ ನಾಯಕ ಸೈಯದ್ ನಯೀಮುದ್ದೀನ್ ಹೈದರಾಬಾದಿನವರು. ಮೊಹಮ್ಮದ್ ಹಬೀಬ್ ಕೂಡ ಅದೇ ಊರಿನವರು. ಹರಿವು ಅಲ್ಲಿವರೆಗೆ ಬಂತು, ಆಮೇಲೆ ಬತ್ತಿತು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಆ ಕಂಚೇ ನಮ್ಮ ಕೊನೆಯ ಪದಕ. ಬಿಟ್ಟು ಹೋಗದೇ ಇದ್ದದ್ದು ಇನ್ನೊಬ್ಬ ರಹೀಂನನ್ನು. ಎಡಗಾಲಿನ ಪಂದ್ಯಾವಳಿ, ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿ ಇವೆಲ್ಲ ಒಬ್ಬ ಮಾಸ್ತರನ ತಲೆಯಲ್ಲಿದ್ದವು. ಅವನ್ನು ಜಿಲ್ಲೆ ಜಿಲ್ಲೆಯ ಪಿ.ಟಿ. ಮಾಸ್ತರರಿಗೆ ದಾಟಿಸುವ ಏರ್ಪಾಡು ಆಗಲಿಲ್ಲ. ಇದಕ್ಕೆ ತೀರಿಹೋದವರನ್ನು ದೂರಿ ಫಲವಿಲ್ಲ. ಏರ್ಪಾಡು ಫೆಡರೇಶನ್ ಮಾಡಬೇಕಾದ ಕೆಲಸ.

ಆದರೂ ಒಬ್ಬ ಶಿಷ್ಯ ಆ ದಾರಿ ಹಿಡಿದರು. ಅವರೇ ಪಿ.ಕೆ. ಬ್ಯಾನರ್ಜಿ, ಜಕಾರ್ತ ಫೈನಲ್‌ನ ಗೋಲುಗಾರ. 1970ರ ಕಂಚಿನಲ್ಲಿ ಜಿ.ಎಂ.ಎಚ್. ಬಾಷಾ ಜೊತೆ ತಂಡಕ್ಕೆ ತರಬೇತಿ ಕೊಟ್ಟವರು. ಕೋಲ್ಕತ್ತದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡರಲ್ಲೂ ಅವರ ಮಾತಿಗೆ ಮಂತ್ರದ ಶಕ್ತಿ ಇತ್ತು. ಪಂದ್ಯಕ್ಕೆ ಮುಂಚೆ ಆಟಗಾರರಿಗೆ ಹುರುಪು ತುಂಬುವ ಅವರ ಮಾತಿಗೆ ‘ವೋಕಲ್ ಟಾನಿಕ್’ ಎಂದೇ ಹೆಸರು ಬಿದ್ದಿತ್ತು. ಆದರೆ ಭಾರತದ ಕೋಚ್ ಆಗಿ ಅವರ ಲೆಕ್ಕ ಅಷ್ಟು ತುಂಬಿಲ್ಲ. 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಸೌದಿ ಅರೇಬಿಯ ಎದುರು 1–0ರಲ್ಲಿ ತಂಡ ಹೊರಬಿತ್ತು. ಆಗ ಅವರ ಸಹಾಯಕರಾಗಿದ್ದವರು ರಹೀಂ ಅವರ ಮಗ ಹಕೀಂ. ಇಬ್ಬರೂ ಒಬ್ಬರ ಗರಡಿಯಿಂದ ಬಂದವರೇ.

ಪಿ.ಕೆ. ಅವರ ನಿಜವಾದ ಆಸ್ತಿ ಇನ್ನೊಂದು ಕಡೆ ಇದೆ. 1987ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ಶುರುವಾಯಿತು. ಮೊದಲು ಚುನಿ ಗೋಸ್ವಾಮಿ ಅದನ್ನು ನಡೆಸಿದರು. 1962ರ ತಂಡದ ನಾಯಕ ಇವರೇ. ಆಮೇಲೆ 1991ರಿಂದ 1997ರವರೆಗೆ ಪಿ.ಕೆ. ಅಂದರೆ ರಹೀಂ ಹುಡುಗರಿಬ್ಬರು ಒಬ್ಬರಾದ ಮೇಲೊಬ್ಬರು ಹದಿಹರೆಯದವರಿಗೆ ಊಟ, ವಸತಿ, ಶಾಲೆಯ ಜೊತೆ ಚೆಂಡಾಟ ಕಲಿಸಿದರು. ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್ ಆ ಅಕಾಡೆಮಿಯಲ್ಲಿ ಬೆಳೆದವರು, ಮುಂದೆ ಭಾರತದ ನಾಯಕರಾದರು. ರೆನೆಡಿ ಸಿಂಗ್, ಮಹೇಶ್ ಗಾವ್ಳಿ, ದೀಪಕ್ ಮಂಡಲ್, ಗೋಲಿ ಸುಬ್ರತ ಪಾಲ್ ಅಲ್ಲಿಂದಲೇ ಬಂದವರು. ಈ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಬ್ಬ ಕೋಚ್ ಲೆಕ್ಕದಲ್ಲಿ ಮತ್ತೆ ಬರುತ್ತವೆ.

ಈ ನಡುವೆ ಹೊರದೇಶದವರು ಬಂದು ಹೋದರು. ಯುಗೊಸ್ಲಾವಿಯದ ಮಿಲೊವಾನ್ ಚಿರಿಚ್ 1984ರಲ್ಲಿ ತಂಡವನ್ನು ಏಷ್ಯನ್ ಕಪ್‌ಗೆ ಒಯ್ದರು. ಅಲ್ಲಿ ಒಂದೂ ಗೋಲು ಹೊಡೆಯಲಿಲ್ಲವಾದರೂ ಇರಾನ್ ಜೊತೆ ಗೋಲಿಲ್ಲದ ಸಮ ಬಂತು. ಉಜ್ಬೆಕಿಸ್ತಾನದ ರುಸ್ತಮ್ ಅಕ್ರಮೋವ್ ಕಾಲದಲ್ಲಿ, 1996ರ ಫೆಬ್ರವರಿಯಲ್ಲಿ, ಭಾರತದ ಫಿಫಾ ಶ್ರೇಯಾಂಕ 94ಕ್ಕೆ ಬಂತು. ಇವತ್ತಿನವರೆಗೂ ನಮ್ಮ ಅತ್ಯುತ್ತಮ ಸ್ಥಾನ ಅದೇ. ಆದರೆ ಆ 94 ಎಷ್ಟು ಜನರಿಗೆ ನೆನಪಿದೆ? ಅಕ್ರಮೋವ್ ಹೆಸರು ಉಳಿದದ್ದು 1995ರಲ್ಲಿ ಸಿಕ್ಕಿಂನ 18 ವರ್ಷದ ಹುಡುಗನೊಬ್ಬನನ್ನು ಭಾರತದ ಪರ ಆಡಿಸಿದ್ದರಿಂದ. ಆ ಹುಡುಗ ಬೈಚುಂಗ್ ಭುಟಿಯಾ. ಮುಂದಿನ ಹದಿನಾರು ವರ್ಷ ತಂಡದ ಗೋಲಿನ ಭಾರ ಅವನ ಹೆಗಲ ಮೇಲಿತ್ತು. ಒಬ್ಬ ಕೋಚ್ ಬೇರೇನೂ ಮಾಡದೆ ಇಷ್ಟೇ ಮಾಡಿ ಹೋದರೂ ನಾವು ಕೈ ಮುಗಿಯುತ್ತೇವೆ.

ಇನ್ನು ಬಾಬ್ ಹೌಟನ್. 2006ರಲ್ಲಿ ಬಂದ ಇಂಗ್ಲಿಷರು. ಸಣ್ಣ ಆಸಾಮಿಯಲ್ಲ. ಸ್ವೀಡನ್ನಿನ ಮಾಲ್ಮೊ ಕ್ಲಬ್ಬನ್ನು 1979ರ ಯುರೋಪಿಯನ್ ಕಪ್ ಫೈನಲ್‌ಗೆ ಒಯ್ದವರು. ಇಲ್ಲಿ 2007 ಮತ್ತು 2009ರ ನೆಹರೂ ಕಪ್ ಗೆದ್ದರು, ಎರಡೂ ಸಲ ಸಿರಿಯ ಎದುರು. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದು ತಜಕಿಸ್ತಾನವನ್ನು 4–1ರಲ್ಲಿ ಮಣಿಸಿದರು. ಆ ಗೆಲುವಿನಿಂದ 27 ವರ್ಷಗಳ ಮೇಲೆ ಭಾರತಕ್ಕೆ ಏಷ್ಯನ್ ಕಪ್ ಬಾಗಿಲು ತೆರೆಯಿತು. ಹೌಟನ್ ತಂಡವನ್ನು ತಿಂಗಳುಗಟ್ಟಲೆ ಒಟ್ಟಿಗೆ ಇಟ್ಟುಕೊಂಡರು, ವಿದೇಶದಲ್ಲಿ ಶಿಬಿರ ಮಾಡಿಸಿದರು. ಭಾರತ ತಂಡಕ್ಕೂ ಒಳ್ಳೆ ಮೈದಾನ, ಒಳ್ಳೆ ಊಟ, ಒಳ್ಳೆ ಹೋಟೆಲ್ ಬೇಕು ಎಂದು ಹಟ ಹಿಡಿದರು.

2011ರ ಜನವರಿಯಲ್ಲಿ ದೋಹಾದಲ್ಲಿ ಮೂರು ಪಂದ್ಯ: ಆಸ್ಟ್ರೇಲಿಯ ಎದುರು 4–0, ಬಹ್ರೇನ್ ಎದುರು 5–2, ಕೊರಿಯ ಎದುರು 4–1. ಮೂರೂ ಸೋಲು. ಆ ಮಟ್ಟದ ತಂಡಗಳ ಎದುರು ಸೋತದ್ದಕ್ಕೆ ಹೌಟನ್‌ರನ್ನು ದೂರುವುದಿಲ್ಲ. ನಮ್ಮ ತಕರಾರು ಬೇರೆ. ತಂಡದಲ್ಲಿ ಇದ್ದವರು ಯಾರು? ಗಾವ್ಳಿ, ಮಂಡಲ್, ರೆನೆಡಿ, ಸುಬ್ರತ ಪಾಲ್. ಜಮ್‌ಶೆಡ್‌ಪುರದ ಬೆಳೆ. ಜೊತೆಗೆ ಅಕ್ರಮೋವ್ ಕಂಡುಕೊಟ್ಟ ಭುಟಿಯಾ. ಹೌಟನ್ ಒಳ್ಳೆ ಕೊಯ್ಲುಗಾರ. ಆದರೆ ಐದು ವರ್ಷ ಅದೇ ಹಿರಿಯರನ್ನು ನೆಚ್ಚಿಕೊಂಡರು. ಅವರೆಲ್ಲ ಒಟ್ಟಿಗೇ ವಯಸ್ಸಾದರು. 2011ರ ಏಪ್ರಿಲ್‌ನಲ್ಲಿ ಹೌಟನ್ ಹೋದರು, ಅದೇ ವರ್ಷ ಭುಟಿಯಾ ನಿವೃತ್ತರಾದರು. 2012ರ ಮಾರ್ಚ್‌ನಲ್ಲಿ ನೇಪಾಳದಲ್ಲಿ ನಡೆದ ಚಾಲೆಂಜ್ ಕಪ್‌ನಲ್ಲಿ ಭಾರತ ಮೂರಕ್ಕೆ ಮೂರೂ ಪಂದ್ಯ ಸೋತಿತು, ಒಂದು ಗೋಲು ಕೂಡ ಹೊಡೆಯಲಿಲ್ಲ. ನಾಲ್ಕು ವರ್ಷ ಮುಂಚೆ ಗೆದ್ದಿದ್ದ ಕಪ್ ಅದು. 2015ರ ಮಾರ್ಚ್ ಹೊತ್ತಿಗೆ ಶ್ರೇಯಾಂಕ 173.

ಆ ಗುಂಡಿಯಿಂದ ಎತ್ತಿದವರು ಸ್ಟೀಫನ್ ಕಾನ್‌ಸ್ಟಂಟೈನ್. ಮೊದಲ ಸಲ 2002ರಲ್ಲೇ ಬಂದು ವಿಯೆಟ್ನಾಂನಲ್ಲಿ ಎಲ್‌ಜಿ ಕಪ್ ಗೆಲ್ಲಿಸಿದ್ದರು. 2015ರಲ್ಲಿ ಎರಡನೇ ಸಲ ಬಂದಾಗ ಅವರು ಮಾಡಿದ ಮೊದಲ ಕೆಲಸ ಹೊಸಬರನ್ನು ಕರೆದದ್ದು. ಸಂದೇಶ್ ಝಿಂಗನ್, ಪ್ರೀತಂ ಕೋಟಾಲ್ ಮೊದಲ ಪಂದ್ಯ ಆಡಿದ್ದು ಅವರ ಕೈಕೆಳಗೆ. ಗುರ್‌ಪ್ರೀತ್ ಸಿಂಗ್ ಸಂಧು ಗೋಲಿನ ಕಾಯಂ ಕಾವಲುಗಾರನಾದದ್ದೂ ಆಗಲೇ. 2017ರ ಜುಲೈನಲ್ಲಿ ಶ್ರೇಯಾಂಕ 96. ಅದೇ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಕಾವ್ ಎದುರು 4–1ರಲ್ಲಿ ಗೆದ್ದು ಏಷ್ಯನ್ ಕಪ್‌ಗೆ ಅರ್ಹತೆ ಸಿಕ್ಕಿತು.

ಅವರ ಆಟ ನೋಡಲು ಚೆಂದ ಇರಲಿಲ್ಲ. ಹಿಂದಿನಿಂದ ಉದ್ದಕ್ಕೆ ಎತ್ತಿ ಒದೆಯುವುದು, ಮುಂದೆ ಓಡುವುದು. ಸುಲಭದ ಎದುರಾಳಿಗಳ ಜೊತೆ ಆಡಿ ಶ್ರೇಯಾಂಕ ಏರಿಸಿಕೊಂಡರು ಎಂಬ ಟೀಕೆಯೂ ಇದೆ. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ 2019ರ ಜನವರಿ 6ರಂದು ಅಬುಧಾಬಿಯಲ್ಲಿ ಥಾಯ್ಲೆಂಡನ್ನು 4–1ರಲ್ಲಿ ಬಗ್ಗುಬಡಿದದ್ದನ್ನು ಯಾವ ಟೀಕೆಯೂ ಅಳಿಸಲಾರದು. ಏಷ್ಯನ್ ಕಪ್‌ನಲ್ಲಿ ಭಾರತ ಪಂದ್ಯವೊಂದನ್ನು ಗೆದ್ದದ್ದು 1964ರ ನಂತರ ಅದೇ ಮೊದಲು. ಮೂರನೇ ಪಂದ್ಯದಲ್ಲಿ ಬಹ್ರೇನ್‌ಗೆ ಕೊನೆಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿ 1–0ರಲ್ಲಿ ಸೋತಾಗ ಕಾನ್‌ಸ್ಟಂಟೈನ್ ಅದೇ ರಾತ್ರಿ ರಾಜೀನಾಮೆ ಕೊಟ್ಟರು. ಬಿಟ್ಟು ಹೋದದ್ದು ಇನ್ನೂ ಐದಾರು ವರ್ಷ ಆಡಬಲ್ಲ ಹುಡುಗರನ್ನು. ಹಾಗಾಗಿ ಕಪ್ ಲೆಕ್ಕದಲ್ಲಿ ಹೌಟನ್ ಮುಂದಿದ್ದರೂ ನಮ್ಮ ಲೆಕ್ಕದಲ್ಲಿ ಕಾನ್‌ಸ್ಟಂಟೈನ್ ಒಂದು ಮೆಟ್ಟಿಲು ಮೇಲೆ.

ನಂತರ ಬಂದವರು ಇಗೊರ್ ಸ್ಟಿಮಾಚ್. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯ ತಂಡದ ಆಟಗಾರ. ನೆಲದ ಮೇಲೆ ಪಾಸ್ ಮಾಡುತ್ತ ಆಡಬೇಕು ಎನ್ನುವವರು. 2019ರ ಸೆಪ್ಟೆಂಬರ್‌ನಲ್ಲಿ ಏಷ್ಯದ ಚಾಂಪಿಯನ್ ಕತಾರ್ ಅನ್ನು ಅವರದೇ ಊರಿನಲ್ಲಿ ಗೋಲಿಲ್ಲದೆ ತಡೆದರು. 2021ರಲ್ಲಿ ಒಮಾನ್ ಎದುರು ಒಂದೇ ಪಂದ್ಯದಲ್ಲಿ ಹತ್ತು ಹೊಸಬರನ್ನು ಆಡಿಸಿದರು. ಹೊಸಬರಿಗೆ ಬಾಗಿಲು ಹಾಕಿದರು ಎಂದು ಅವರ ಮೇಲೆ ಯಾರೂ ಹೇಳುವಂತಿಲ್ಲ. 2023ರಲ್ಲಿ ಕಂಠೀರವದಲ್ಲಿ ನಡೆದ ಸ್ಯಾಫ್ ಕೂಟದ ಸಂಭ್ರಮವನ್ನು ನಮ್ಮ ಓದುಗರಲ್ಲಿ ಕೆಲವರು ನೋಡಿರಬಹುದು. ಪಾಕಿಸ್ತಾನದ ಎದುರು 4–0 ಗೆದ್ದ ಪಂದ್ಯದಲ್ಲಿ ಎದುರಾಳಿಯ ಥ್ರೋಗೆ ಅಡ್ಡಬಂದು ಕೋಚ್ ಸಾಹೇಬರೇ ರೆಡ್ ಕಾರ್ಡ್ ತಿಂದರು. ಫೈನಲ್‌ನಲ್ಲಿ ಕುವೈತ್ ಎದುರು ಪೆನಾಲ್ಟಿಯಲ್ಲಿ 5–4 ಗೆಲುವು. ಆ ತಿಂಗಳು ಶ್ರೇಯಾಂಕ 99.

ಮನೆಯಂಗಳ ದಾಟಿದ ಮೇಲೆ ಕತೆ ಬದಲಾಯಿತು. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಮೂರು ಸೋಲು, ಆರು ಗೋಲು ಬಿಟ್ಟುಕೊಟ್ಟು ಒಂದೂ ಹೊಡೆಯಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರೂ ಸೋಲು. ಶಿಬಿರಕ್ಕೆ ದಿನ ಸಾಲುತ್ತಿಲ್ಲ ಎಂದು ಸ್ಟಿಮಾಚ್ ಮತ್ತೆ ಮತ್ತೆ ಹೇಳಿದರು, ಅದು ಸುಳ್ಳಲ್ಲ. ರಹೀಂಗೆ ಆಟಗಾರರು ವರ್ಷಪೂರ್ತಿ ಕಣ್ಣೆದುರಿಗೇ ಇದ್ದರು. ಈಗ ಆಟಗಾರ ಕ್ಲಬ್‌ನ ಆಸ್ತಿ. ಫಿಫಾ ಗೊತ್ತುಮಾಡಿದ ಕೆಲವೇ ದಿನ ದೇಶಕ್ಕೆ ಸಿಗುತ್ತಾನೆ. ಮೇಲಾಗಿ ಐಎಸ್ಎಲ್ ಕ್ಲಬ್‌ಗಳು ಗೋಲು ಹೊಡೆಯುವ ಜಾಗದಲ್ಲಿ ಹೆಚ್ಚಾಗಿ ವಿದೇಶಿಯರನ್ನೇ ನಿಲ್ಲಿಸುತ್ತವೆ. ಭಾರತದ ಹುಡುಗ ಅಂಚಿನಲ್ಲಿ ಓಡುತ್ತಾನೆ. ಹೀಗಿದ್ದಾಗ ರಾಷ್ಟ್ರೀಯ ಕೋಚ್ ಸ್ಟ್ರೈಕರ್‌ನನ್ನು ಎಲ್ಲಿಂದ ತರಬೇಕು? ಆದರೆ ಐದು ವರ್ಷ ಸಣ್ಣ ಅವಧಿಯಲ್ಲ. ಆ ಐದೂ ವರ್ಷ ಗೋಲು ಬೇಕಾದಾಗ ಎಲ್ಲರೂ ತಿರುಗಿ ನೋಡಿದ್ದು ಒಬ್ಬರ ಕಡೆಗೇ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಕಡೆಗೆ.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಜೊತೆ ಗೋಲಿಲ್ಲದ ಪಂದ್ಯ ಆಡಿ, 94 ಗೋಲುಗಳೊಂದಿಗೆ ಛೆಟ್ರಿ ನಿವೃತ್ತರಾದರು. ಹನ್ನೊಂದು ದಿನಕ್ಕೆ ಸ್ಟಿಮಾಚ್‌ರನ್ನು ಫೆಡರೇಶನ್ ತೆಗೆದುಹಾಕಿತು. ಹೊಸ ಕೋಚ್ ಆಗಿ ಸ್ಪೇನಿನ ಮನೋಲೊ ಮಾರ್ಕೆಜ್ ಬಂದರು. ಆ ವರ್ಷ ಪೂರ್ತಿ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಮಾರ್ಕೆಜ್ ನಿವೃತ್ತ ಛೆಟ್ರಿಯನ್ನೇ ಮತ್ತೆ ಕರೆಸಿದರು. ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಎದುರು ತಂಡ 3–0ರಲ್ಲಿ ಗೆದ್ದಿತು. ಮೂರನೇ ಗೋಲು ಹೊಡೆದವರು ಛೆಟ್ರಿ. ಆಗ ಅವರಿಗೆ 40 ವರ್ಷ.